ಅಡುಗೆಯೂ ಇಷ್ಟ, ಕೆಮಿಸ್ಟ್ರಿಯೂ ಇಷ್ಟ: ಆಹಾರ ವಿಜ್ಞಾನಿ ಆಗಬಹುದಾ?

ಪ್ರಶ್ನೆ: ನಾನು ವಿಜ್ಞಾನ ಓದುತ್ತಿದ್ದೇನೆ. ಮುಂದೆ ಯಾವ ಡಿಗ್ರಿ ಸೇರಬೇಕು ಅಂತ ಈ ವರ್ಷವೇ ತೀರ್ಮಾನ ಮಾಡಬೇಕು. ಅಡುಗೆ ಮಾಡುವುದೆಂದರೆ ನನಗೆ ತುಂಬಾ ಇಷ್ಟ. ಕೆಮಿಸ್ಟ್ರಿಯಲ್ಲೂ ಒಳ್ಳೆಯ ಅಂಕ ಬರುತ್ತವೆ. ಹಾಗಾಗಿ ಆಹಾರ ವಿಜ್ಞಾನದ ಕಡೆ ಮನಸ್ಸು ಎಳೆಯುತ್ತಿದೆ. ಆದರೆ ಮನೆಯಲ್ಲಿ "ಇಷ್ಟೆಲ್ಲಾ ಓದಿ ಕೊನೆಗೆ ಅಡುಗೆ ಕೆಲಸಾನಾ?" ಅಂತ ಕೇಳುತ್ತಾರೆ. ಆಹಾರ ವಿಜ್ಞಾನಿಗಳು ದಿನಾ ಏನು ಮಾಡುತ್ತಾರೆ? ಈ ಕೆಲಸ ಯಾರಿಗೆ ಹೊಂದುತ್ತದೆ? ಸೇರುವ ಮುಂಚೆ ಏನೇನು ತಿಳಿದಿರಬೇಕು?

ಉತ್ತರ: ಮೊದಲು ಮನೆಯವರ ಮಾತಿಗೆ ಬರೋಣ. ಅವರ ಅನುಮಾನ ಸಹಜವೇ. ಈ ಹೆಸರು ಕೇಳಿದ ತಕ್ಷಣ ಎಲ್ಲರ ಕಣ್ಣ ಮುಂದೆ ಒಲೆ, ಬಾಣಲೆ, ಸೌಟು ಬರುತ್ತವೆ. ಅಡುಗೆ ಕೆಲಸ ಸಣ್ಣದು ಅನ್ನುವುದನ್ನು ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಇವೆರಡೂ ಒಂದೇ ಕೆಲಸವಲ್ಲ. ಅಡುಗೆಯವರು ಎದುರಿಗೆ ಕೂತವರಿಗೆ ಬಿಸಿಬಿಸಿಯಾಗಿ ಬಡಿಸುತ್ತಾರೆ. ಉಪ್ಪು ಕಮ್ಮಿಯಾದರೆ ಅಲ್ಲೇ ಗೊತ್ತಾಗುತ್ತದೆ, ಅಲ್ಲೇ ಸರಿಮಾಡಬಹುದು. ಆಹಾರ ವಿಜ್ಞಾನಿಗಳಾದ ನಾವು ಮಾಡಿದ್ದನ್ನು ತಿನ್ನುವವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಲಾರಿ ಹತ್ತುತ್ತದೆ, ಗೋದಾಮಿನ ಸೆಖೆಯಲ್ಲಿ ಇರುತ್ತದೆ, ಅಂಗಡಿಯಲ್ಲಿ ವಾರಗಟ್ಟಲೆ ಕೂರುತ್ತದೆ. ಐದು ತಿಂಗಳಾದ ಮೇಲೆ ಯಾವುದೋ ಮಗು ಪ್ಯಾಕೆಟ್ ಬಿಚ್ಚುತ್ತದೆ. ಆಗಲೂ ಅದೇ ರುಚಿ ಇರಬೇಕು, ಅದೇ ಗರಿಗರಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆ ಮಗುವಿಗೆ ಏನೂ ಆಗಬಾರದು. ಆ ಐದು ತಿಂಗಳಿನ ಜವಾಬ್ದಾರಿ ನಮ್ಮದು.

ಒಂದು ಘಟನೆ ಹೇಳುತ್ತೇನೆ. ಈ ವೃತ್ತಿ ಏನು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಅದರಿಂದಲೇ.

ಕೆಲಸಕ್ಕೆ ಸೇರಿದ ಹೊಸದು. ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿದ್ದೆ. ಓವನ್‌ನಿಂದ ಹೊರಬರುವಾಗ ಬಿಸ್ಕತ್ತುಗಳು ಒಂದೊಂದೂ ಚೆನ್ನಾಗಿರುತ್ತಿದ್ದವು. ಬಣ್ಣ ಸರಿ, ದಪ್ಪ ಸರಿ, ತೂಕ ಸರಿ. ಪ್ಯಾಕ್ ಆಗಿ ಹೋಗುತ್ತಿದ್ದವು. ಮಾರನೇ ದಿನ ಅದೇ ಪ್ಯಾಕೆಟ್ ಬಿಚ್ಚಿದರೆ ಅರ್ಧಕ್ಕರ್ಧ ಬಿಸ್ಕತ್ತು ನಡುವೆ ಸೀಳಿಕೊಂಡಿರುತ್ತಿತ್ತು. ಪ್ಯಾಕಿಂಗ್ ಮೆಷಿನ್ ಒತ್ತುತ್ತಿದೆ ಅಂದರು ಕೆಲವರು. ಲೋಡಿಂಗ್‌ನವರು ಎತ್ತಿ ಹಾಕುತ್ತಿದ್ದಾರೆ ಅಂದರು ಇನ್ನು ಕೆಲವರು. ನಾನೂ ಮೂರು ದಿನ ಪ್ಯಾಕಿಂಗ್ ಮೆಷಿನ್ ಪಕ್ಕದಲ್ಲೇ ನಿಂತೆ. ಆಮೇಲೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಬಂದರು. ಓವನ್‌ನಿಂದ ಆಗ ತಾನೇ ಬಂದ ಒಂದು ಹಿಡಿ ಬಿಸ್ಕತ್ತು ತೆಗೆದುಕೊಂಡರು. ಮೆಷಿನ್ ಹತ್ತಿರಕ್ಕೂ ಹೋಗದ ಹಾಗೆ ಒಂದು ತಟ್ಟೆಯಲ್ಲಿ ಸುಮ್ನೆ ಇಟ್ಟು ಮುಚ್ಚಿದರು. ಮಾರನೇ ಬೆಳಿಗ್ಗೆ ನೋಡಿದರೆ ಯಾರೂ ಮುಟ್ಟದ ಆ ಬಿಸ್ಕತ್ತುಗಳಲ್ಲೂ ಕೂದಲೆಳೆಯಂಥ ಬಿರುಕು!

ಕಾರಣ ತೇವ. ಬೇಯುವಾಗ ಬಿಸ್ಕತ್ತಿನ ಅಂಚು ಬೇಗ ಒಣಗುತ್ತದೆ, ನಡುಭಾಗದಲ್ಲಿ ತೇವ ಉಳಿದುಬಿಡುತ್ತದೆ. ತಣ್ಣಗಾಗುತ್ತಾ ನಡುವಿನ ತೇವ ಅಂಚಿನ ಕಡೆ ನಡೆಯುತ್ತದೆ. ತೇವ ಕುಡಿದ ಅಂಚು ಹಿಗ್ಗುತ್ತದೆ, ತೇವ ಕಳೆದುಕೊಂಡ ನಡು ಕುಗ್ಗುತ್ತದೆ. ಅಷ್ಟು ಹೊತ್ತಿಗೆ ಬಿಸ್ಕತ್ತು ಗಟ್ಟಿಯಾಗಿರುತ್ತದೆ, ಬಗ್ಗುವುದಿಲ್ಲ. ಹಾಗಾಗಿ ಸೀಳುತ್ತದೆ. ನಮ್ಮವರು ಇದಕ್ಕೆ ಚೆಕಿಂಗ್ ಅನ್ನುತ್ತಾರೆ. ಅಂಚನ್ನೂ ನಡುವನ್ನೂ ಬೇರೆ ಬೇರೆ ಪುಡಿ ಮಾಡಿ ತೇವ ಅಳೆದೆವು. ವ್ಯತ್ಯಾಸ ಎದ್ದು ಕಾಣುತ್ತಿತ್ತು. ಓವನ್‌ನ ಕೊನೆಯ ಭಾಗದ ಬಿಸಿ ಸ್ವಲ್ಪ ಇಳಿಸಿ, ಬೆಲ್ಟ್ ನಿಧಾನ ಮಾಡಿ, ತಣ್ಣಗಾಗಲು ಹೆಚ್ಚು ಹೊತ್ತು ಬಿಟ್ಟೆವು. ಬಿರುಕು ನಿಂತಿತು. ಮೆಷಿನ್ನಿನ ತಪ್ಪೂ ಇರಲಿಲ್ಲ, ಲೋಡಿಂಗ್‌ನವರ ತಪ್ಪೂ ಇರಲಿಲ್ಲ.

ಇವತ್ತು ಕಾಣುವ ತೊಂದರೆಯ ಕಾರಣ ನಿನ್ನೆ ಎಲ್ಲೋ ಇರುತ್ತದೆ. ಅದನ್ನು ಹುಡುಕುವುದೇ ನಮ್ಮ ದಿನದ ಬಹುಪಾಲು. ಸಾಸ್ ಮೇಲೆ ನೀರು ಬಿಟ್ಟುಕೊಂಡಿದೆ, ಯಾಕೆ? ಜ್ಯೂಸ್ ಬಣ್ಣ ಕಂದಾಗಿದೆ, ಯಾಕೆ? ಹಾಲಿನ ಪುಡಿ ಗಂಟು ಕಟ್ಟಿದೆ, ಯಾಕೆ? ಈ "ಯಾಕೆ" ನಿಮ್ಮನ್ನು ರಾತ್ರಿ ನಿದ್ದೆಗೆ ಬಿಡದಿದ್ದರೆ ನೀವು ನಮ್ಮವರೇ.

ಏನು ಓದಬೇಕಾಗುತ್ತದೆ ಅಂತ ಹೇಳುತ್ತೇನೆ. ಕೆಮಿಸ್ಟ್ರಿ ಇದ್ದೇ ಇದೆ. ಬ್ರೆಡ್ಡಿನ ಮೇಲ್ಪದರ ಕಂದಾಗುವುದು, ಹುರಿದ ಕಾಫಿ ಬೀಜಕ್ಕೆ ಘಮ ಬರುವುದು, ಎರಡರ ಹಿಂದೆಯೂ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಒಂದೇ ಬಗೆಯ ಪ್ರತಿಕ್ರಿಯೆ ಇದೆ. 1912ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ ಅವರ ಹೆಸರಿನಲ್ಲೇ ಈಗಲೂ ಕರೆಯುತ್ತಾರೆ. ಕೆಮಿಸ್ಟ್ರಿ ಇಷ್ಟವಾದವರಿಗೆ ಈ ಭಾಗ ಹಬ್ಬ. ಆದರೆ ಅದೊಂದೇ ಸಾಲದು. ಸೂಕ್ಷ್ಮಜೀವಿಗಳ ಪಾಠ ಬೇಕು. ಬಿಸಿ ಹೇಗೆ ಹರಿಯುತ್ತದೆ, ದ್ರವ ಪೈಪಿನಲ್ಲಿ ಹೇಗೆ ಹರಿಯುತ್ತದೆ ಅನ್ನುವ ಎಂಜಿನಿಯರಿಂಗ್ ಬೇಕು. ಸ್ಟ್ಯಾಟಿಸ್ಟಿಕ್ಸ್ ಬೇಕು. ಬಹಳಷ್ಟು ವಿದ್ಯಾರ್ಥಿಗಳು ಎಡವುವುದು ಈ ಎರಡರಲ್ಲೇ, ಎಂಜಿನಿಯರಿಂಗ್ ಮತ್ತು ಸ್ಟ್ಯಾಟಿಸ್ಟಿಕ್ಸ್. ಗಣಿತ ಕಂಡರೆ ಆಗುವುದಿಲ್ಲ ಅನ್ನುವವರು ಸೇರುವ ಮುಂಚೆ ಎರಡು ಸಲ ಯೋಚಿಸಿ. ಇನ್ನೊಂದು ಮಾತು. ಯಾರು ಎಷ್ಟು ತಿನ್ನಬೇಕು ಅಂತ ಹೇಳುವ ಡಯಟೀಷಿಯನ್ ಕೆಲಸ ಬೇರೆ, ಅದರ ಓದೂ ಬೇರೆ. ಎರಡನ್ನೂ ಬೆರೆಸಿಕೊಂಡು ಅರ್ಜಿ ಹಾಕಬೇಡಿ.

ಈ ವಿಜ್ಞಾನ ಬೆಳೆದು ಬಂದ ದಾರಿ ನೋಡಿದರೆ ಇಷ್ಟೆಲ್ಲಾ ಯಾಕೆ ಓದಬೇಕು ಅನ್ನುವುದು ತಿಳಿಯುತ್ತದೆ. ಫ್ರಾನ್ಸಿನ ನಿಕೊಲಾ ಅಪ್ಪೇರ್ ಗಾಜಿನ ಪಾತ್ರೆಯಲ್ಲಿ ಆಹಾರ ತುಂಬಿ, ಬಿಗಿಯಾಗಿ ಮುಚ್ಚಿ, ಕುದಿಯುವ ನೀರಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ ಅಂತ ತೋರಿಸಿದರು. 1810ರಲ್ಲಿ ಅವರಿಗೆ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಬಂತು. ಆದರೆ ಯಾಕೆ ಕೆಡುವುದಿಲ್ಲ ಅನ್ನುವುದು ಅವರಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳಿಂದ ಆಹಾರ ಕೆಡುತ್ತದೆ ಅಂತ ಲೂಯಿ ಪಾಶ್ಚರ್ ತೋರಿಸಲು ಇನ್ನೂ ಐವತ್ತು ವರ್ಷ ಬೇಕಾಯಿತು. ಅಷ್ಟಾದರೂ ಕಾರ್ಖಾನೆಗಳಲ್ಲಿ ಡಬ್ಬಗಳು ಉಬ್ಬಿ ಒಡೆಯುತ್ತಲೇ ಇದ್ದವು. 1895ರ ಕೊನೆಯಲ್ಲಿ ವಿಲಿಯಂ ಅಂಡರ್‌ವುಡ್ ಎಂಬ ಡಬ್ಬದ ಆಹಾರದ ವ್ಯಾಪಾರಿ ಇದೇ ತೊಂದರೆ ಹೊತ್ತು ಅಮೆರಿಕದ ಎಂಐಟಿಗೆ ಹೋದರು. ಅಲ್ಲಿ ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಎಂಬ ಯುವ ವಿಜ್ಞಾನಿ ಅವರ ಜೊತೆ ಕೂತು ಕೆಟ್ಟ ಡಬ್ಬಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಕುದಿಯುವ ನೀರಿಗೂ ಸಾಯದ ಬೀಜಕಗಳು, ಅಂದರೆ ಬ್ಯಾಕ್ಟೀರಿಯಾಗಳ ಗಟ್ಟಿ ಚಿಪ್ಪಿನ ರೂಪ, ಡಬ್ಬದೊಳಗೆ ಬದುಕಿ ಉಳಿಯುತ್ತಿದ್ದವು. ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವ ಲೆಕ್ಕ ಶುರುವಾಗಿದ್ದು ಆಗ. ಮುಂದೆ 1939ರಲ್ಲಿ ಆಹಾರ ತಂತ್ರಜ್ಞರ ಸಂಸ್ಥೆ ಐಎಫ್‌ಟಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಇದೇ ಪ್ರೆಸ್ಕಾಟ್. ಒಬ್ಬ ವ್ಯಾಪಾರಿಯ ಉಬ್ಬಿದ ಡಬ್ಬ, ಒಬ್ಬ ವಿಜ್ಞಾನಿಯ ತಾಳ್ಮೆ. ನನ್ನ ವೃತ್ತಿಯ ಬಗ್ಗೆ ನನಗೆ ಹೆಮ್ಮೆ ಅನ್ನಿಸುವ ಕತೆಗಳಲ್ಲಿ ಇದು ಮೊದಲನೆಯದು.

ಆ ಲೆಕ್ಕ ಇವತ್ತು ಹೀಗಿದೆ. ಪಿಎಚ್ 4.6ಕ್ಕಿಂತ ಜಾಸ್ತಿ ಇರುವ, ಅಂದರೆ ಹುಳಿ ಕಮ್ಮಿ ಇರುವ ಆಹಾರವನ್ನು ಗಾಳಿ ಆಡದ ಹಾಗೆ ಡಬ್ಬದಲ್ಲಿ ಮುಚ್ಚಿ ಹೊರಗಿಟ್ಟರೆ ಅದರೊಳಗೆ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ಪ್ರಾಣ ತೆಗೆಯುವಂಥ ವಿಷ. ಅದರ ಬೀಜಕ ಸಾಯಬೇಕಾದರೆ ಡಬ್ಬದಲ್ಲಿ ಎಲ್ಲಕ್ಕಿಂತ ತಡವಾಗಿ ಬಿಸಿಯಾಗುವ ಜಾಗಕ್ಕೂ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3 ನಿಮಿಷ ಇಟ್ಟಷ್ಟು ಬಿಸಿ ತಲುಪಬೇಕು. ಆ ತಣ್ಣನೆಯ ಜಾಗ ಎಲ್ಲಿದೆ ಅಂತ ಡಬ್ಬಕ್ಕೆ ತೂತು ಮಾಡಿ, ಬಿಸಿ ತೋರಿಸುವ ತಂತಿ ಇಳಿಸಿ ಅಳೆಯುತ್ತೇವೆ. ನಿಮ್ಮ ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಮೂರೂ ಆ ತಂತಿಯ ತುದಿಯಲ್ಲಿ ಸೇರುತ್ತವೆ.

ಇನ್ನು ಕೆಲಸಗಳ ಬಗ್ಗೆ. ಹೊಸಬರೆಲ್ಲರೂ ಕೇಳುವುದು ಆರ್ ಅಂಡ್ ಡಿ. ಹೊಸ ತಿನಿಸು ಕಂಡುಹಿಡಿಯುವ ವಿಭಾಗ ಅಲ್ವಾ, ಆಸೆ ಸಹಜ. ಅಡುಗೆ ಇಷ್ಟ ಅನ್ನುವ ನಿಮ್ಮ ಗುಣ ಜಾಸ್ತಿ ಉಪಯೋಗಕ್ಕೆ ಬರುವುದೂ ಇಲ್ಲಿಯೇ. ಆದರೆ ಬೆಂಚಿನ ಮೇಲೆ ಎರಡು ಕೆಜಿ ಸಾಸ್ ಚೆನ್ನಾಗಿ ಬಂತು ಅಂದರೆ ಕೆಲಸದಲ್ಲಿ ಕಾಲು ಭಾಗ ಆಯಿತು ಅಷ್ಟೇ. ಅದನ್ನು ದೊಡ್ಡ ಟ್ಯಾಂಕಿನಲ್ಲಿ ಮಾಡುವಾಗ ಬೇರೆಯೇ ಲೋಕ. ಟ್ಯಾಂಕಿನ ಉದ್ದ, ಅಗಲ, ಎತ್ತರ ಎರಡು ಪಟ್ಟಾದರೆ ಒಳಗಿನ ಸಾಸ್ ಎಂಟು ಪಟ್ಟಾಗುತ್ತದೆ. ಬಿಸಿ ಒಳಗೆ ಹೋಗುವ ಗೋಡೆ ಮಾತ್ರ ನಾಲ್ಕೇ ಪಟ್ಟು. ಹಾಗಾಗಿ ಬಿಸಿಯಾಗಲೂ ತಡ, ತಣ್ಣಗಾಗಲೂ ತಡ. ಅಷ್ಟು ಹೊತ್ತು ಬಿಸಿಯಲ್ಲಿ ಕೂತು ಬಣ್ಣ ಕಪ್ಪಾಗುತ್ತದೆ, ರುಚಿ ಬದಲಾಗುತ್ತದೆ. ನನ್ನ ಮೊದಲ ದೊಡ್ಡ ಟ್ರಯಲ್‌ನಲ್ಲಿ ಸಾಸ್ ಗಟ್ಟಿ ಮಾಡುವ ಗಮ್ ಪುಡಿಯನ್ನು ಒಟ್ಟಿಗೇ ಸುರಿದುಬಿಟ್ಟೆ. ಪುಡಿಯ ಹೊರಮೈ ನೀರು ಕುಡಿದು ಜಿಗುಟಾಗಿ, ಒಳಗೆ ಒಣಪುಡಿ ಹಾಗೇ ಉಳಿದು, ಮೀನಿನ ಕಣ್ಣಿನಂಥ ಗಂಟುಗಳು ಟ್ಯಾಂಕಿನ ತುಂಬ ತೇಲಿದವು. ಇಡೀ ಬ್ಯಾಚ್ ಹೋಯಿತು. ಸಕ್ಕರೆಯ ಜೊತೆ ಬೆರೆಸಿ, ನೀರು ಜೋರಾಗಿ ಸುತ್ತುತ್ತಿರುವಾಗ ಸ್ವಲ್ಪಸ್ವಲ್ಪವೇ ಉದುರಿಸಬೇಕು ಅಂತ ಟ್ಯಾಂಕ್ ನಡೆಸುತ್ತಿದ್ದ ಆಪರೇಟರ್ ಹೇಳಿಕೊಟ್ಟರು. ಕಾರ್ಖಾನೆಯಲ್ಲಿ ಆಪರೇಟರ್‌ಗಳ ಮಾತು ಕೇಳಿಸಿಕೊಳ್ಳಿ. ಮೆಷಿನ್ನಿನ ಸದ್ದು ಬದಲಾಗಿದ್ದು ಮೊದಲು ಗೊತ್ತಾಗುವುದು ಅವರಿಗೆ.

ರುಚಿ ನೋಡುವ ಕೆಲಸ ಅಂದರೆ ಕೂತು ತಿನ್ನುವುದು ಅಂತ ಹಲವರು ಅಂದುಕೊಂಡಿದ್ದಾರೆ. ಅದೂ ಒಂದು ವಿಜ್ಞಾನವೇ. ಸಾಸಿನಲ್ಲಿ ಉಪ್ಪು ಸ್ವಲ್ಪ ಇಳಿಸಿದ್ದೀರಿ, ಜನರಿಗೆ ಗೊತ್ತಾಗುತ್ತದಾ? ಪ್ರತಿಯೊಬ್ಬರಿಗೂ ಮೂರು ಕಪ್ ಕೊಡುತ್ತೇವೆ. ಎರಡರಲ್ಲಿ ಒಂದೇ ಸಾಸ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ಬಣ್ಣ ನೋಡಿ ಊಹಿಸದಿರಲಿ ಅಂತ ಬೇಕಾದರೆ ಕೆಂಪು ದೀಪ ಹಾಕುತ್ತೇವೆ. 36 ಜನರಲ್ಲಿ 12 ಜನ ಬರೀ ಊಹೆಯಲ್ಲೇ ಸರಿ ಹೇಳಬಹುದು. ಸರಿ ಹೇಳಿದವರು 18 ಅಥವಾ ಜಾಸ್ತಿ ಇದ್ದರೆ ವ್ಯತ್ಯಾಸ ನಿಜವಾಗಿಯೂ ನಾಲಿಗೆಗೆ ಸಿಗುತ್ತಿದೆ ಅಂತ ಲೆಕ್ಕ. ಸ್ಟ್ಯಾಟಿಸ್ಟಿಕ್ಸ್ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ವಾ?

ಲೇಬಲ್ ಮತ್ತು ಕಾನೂನು ನೋಡುವವರಿದ್ದಾರೆ, ಪ್ಯಾಕೇಜಿಂಗ್ ನೋಡುವವರಿದ್ದಾರೆ, ಸೂಕ್ಷ್ಮಜೀವಿ ಲ್ಯಾಬ್ ಇದೆ, ಸಂಶೋಧನೆ ಮತ್ತು ಪಾಠ ಇದೆ, ಸರ್ಕಾರದ ತಪಾಸಣೆ ಇದೆ. ಇವೆಲ್ಲಾ ನೀವು ಡಿಗ್ರಿ ಮಾಡುವಾಗ ತಾನಾಗಿ ಪರಿಚಯವಾಗುತ್ತವೆ. ನಾನು ಸ್ವಲ್ಪ ಜಾಸ್ತಿ ಹೇಳಬೇಕಾಗಿರುವುದು ಕ್ವಾಲಿಟಿ ವಿಭಾಗದ ಬಗ್ಗೆ. ಯಾಕೆಂದರೆ ಹೊಸಬರಿಗೆ ಬಹಳ ಸಲ ಮೊದಲ ಕೆಲಸ ಸಿಗುವುದು ಅಲ್ಲಿಯೇ, ಮತ್ತು "ಬರೀ ಫಾರಂ ತುಂಬುವ ಕೆಲಸ" ಅಂತ ಬೇಸರ ಪಡುವುದೂ ಅಲ್ಲಿಯೇ.

ಆ ಫಾರಂಗಳ ಹಿಂದೆ ದೊಡ್ಡ ವಿಚಾರ ಇದೆ. 1960ರ ದಶಕದಲ್ಲಿ ಬಾಹ್ಯಾಕಾಶಕ್ಕೆ ಹೋಗುವವರಿಗೆ ಆಹಾರ ಮಾಡಬೇಕಾಗಿ ಬಂತು. ಅಲ್ಲಿ ಹೊಟ್ಟೆ ಕೆಟ್ಟರೆ ಡಾಕ್ಟರ್ ಇಲ್ಲ. ಆಹಾರ ತಯಾರಾದ ಮೇಲೆ ಪರೀಕ್ಷೆ ಮಾಡಿ ನೂರಕ್ಕೆ ನೂರು ಖಾತ್ರಿ ಕೊಡಬೇಕೆಂದರೆ ಮಾಡಿದ್ದರಲ್ಲಿ ಹೆಚ್ಚಿನದೆಲ್ಲಾ ಪರೀಕ್ಷೆಗೇ ಮುಗಿದುಹೋಗುತ್ತದೆ. ಹಾಗಾಗಿ ಪಿಲ್ಸ್‌ಬರಿ ಕಂಪನಿಯವರು ನಾಸಾ ಜೊತೆ ಸೇರಿ ದಾರಿಯನ್ನೇ ಬದಲಿಸಿದರು. ಎಲ್ಲೆಲ್ಲಿ ಅಪಾಯ ಬರಬಹುದು ಅಂತ ಮೊದಲೇ ಪಟ್ಟಿ ಮಾಡು, ಮುಖ್ಯವಾದ ಹಂತಗಳಲ್ಲಿ ಮಿತಿ ಹಾಕು, ಆ ಮಿತಿ ದಾಟದ ಹಾಗೆ ಕಾಯುತ್ತಾ ಇರು, ಕಾದಿದ್ದನ್ನು ಬರೆದಿಡು. ಇದೇ ಹ್ಯಾಸಪ್ (HACCP). ಈಗ ಬಹಳಷ್ಟು ದೇಶಗಳ ಆಹಾರ ಕಾರ್ಖಾನೆಗಳಲ್ಲಿ ಈ ಮಾತು ಕೇಳುತ್ತೀರಿ.

ಕಾಯುವುದು ಅಂದರೆ ಹೇಗಿರುತ್ತದೆ? ಒಂದು ರಾತ್ರಿ ಪಾಳಿ. ಲೈನಿನ ಕೊನೆಯಲ್ಲಿ ಮೆಟಲ್ ಡಿಟೆಕ್ಟರ್ ಇರುತ್ತದೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಗಂಟೆಗೊಮ್ಮೆ ಸಣ್ಣ ಲೋಹದ ಗುಂಡು ಇರುವ ಪರೀಕ್ಷೆ ಪಟ್ಟಿಯನ್ನು ಪ್ಯಾಕೆಟ್ ಜೊತೆ ಕಳಿಸುತ್ತೇವೆ. ಡಿಟೆಕ್ಟರ್ ಅದನ್ನು ಹಿಡಿದು ಪಕ್ಕಕ್ಕೆ ತಳ್ಳಬೇಕು. ಎರಡು ಗಂಟೆಗೆ ಹಿಡಿದಿತ್ತು. ಮೂರು ಗಂಟೆಗೆ ಸ್ಟೀಲಿನ ಗುಂಡು ಸುಮ್ಮನೆ ದಾಟಿಹೋಯಿತು. ಇನ್ನೊಮ್ಮೆ ಕಳಿಸಿದೆ, ಮತ್ತೆ ದಾಟಿತು. ನಿಯಮ ಸ್ಪಷ್ಟವಿತ್ತು. ಕೊನೆಯ ಸಲ ಸರಿ ಇದ್ದಿದ್ದು ಎರಡು ಗಂಟೆಗೆ, ಹಾಗಾದರೆ ಆಮೇಲೆ ಬಂದ ಅಷ್ಟೂ ಸರಕು ಹೋಲ್ಡ್, ಅಂದರೆ ಹೊರಗೆ ಕಳಿಸುವಂತಿಲ್ಲ. ಹೊರಗೆ ಲಾರಿ ಕಾಯುತ್ತಿತ್ತು. ಪಾಳಿಯ ಮೇಲ್ವಿಚಾರಕರು "ಇಷ್ಟು ವರ್ಷದಲ್ಲಿ ಒಂದು ಚೂರು ಲೋಹ ಸಿಕ್ಕಿಲ್ಲ, ಬಿಡಿ" ಅಂದರು. ಗಂಟಲು ಒಣಗಿತ್ತು. ಆದರೂ ಕೆಂಪು ಚೀಟಿ ಅಂಟಿಸಿದೆ. ಬೆಳಿಗ್ಗೆ ಡಿಟೆಕ್ಟರ್ ರಿಪೇರಿಯಾದ ಮೇಲೆ ಒಂದು ಗಂಟೆಯ ಸರಕನ್ನೆಲ್ಲಾ ಮತ್ತೆ ಅದರಲ್ಲಿ ಹಾಯಿಸಿದೆವು. ಏನೂ ಸಿಗಲಿಲ್ಲ. ಕೆಲವರು ನನ್ನ ಮುಖ ನೋಡಿದರು. ಅವತ್ತಿಗೂ ಇವತ್ತಿಗೂ ನನ್ನ ಅಭಿಪ್ರಾಯ ಒಂದೇ: ಹೋಲ್ಡ್ ಮಾಡಿದ್ದು ಸರಿ. ಲೋಹ ಇಲ್ಲ ಅಂತ ನಮಗೆ ಗೊತ್ತಾಗಿದ್ದು ಬೆಳಿಗ್ಗೆ. ರಾತ್ರಿ ಮೂರಕ್ಕೆ ಗೊತ್ತಿರಲಿಲ್ಲ.

ಈ ಕೆಲಸ ಯಾರಿಗೆ ಹೊಂದುತ್ತದೆ ಅಂತ ಕೇಳಿದ್ದೀರಲ್ಲ, ಇದೇ ನನ್ನ ಉತ್ತರ. ಥರ್ಮಾಮೀಟರ್ ತೋರಿಸಿದ್ದನ್ನೇ ಬರೆಯುವವರಿಗೆ. ಬೇಕಾದ ಸಂಖ್ಯೆ ಬರಲಿಲ್ಲ ಅಂತ ಸ್ವಲ್ಪ ತಿದ್ದಿ ಬರೆಯುವ ಮನಸ್ಸಿರುವವರು, ಎಷ್ಟೇ ಬುದ್ಧಿವಂತರಾಗಿರಲಿ, ದಯವಿಟ್ಟು ಇಲ್ಲಿಗೆ ಬರಬೇಡಿ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಕಾರ್ಖಾನೆಗಳು ಹೆಚ್ಚಾಗಿ ಊರಾಚೆ ಇರುತ್ತವೆ. ಪಾಳಿ ಇರುತ್ತದೆ. ಗಂಟೆಗಟ್ಟಲೆ ನಿಲ್ಲಬೇಕು. ಒಂದು ಕಡೆ ಓವನ್ ಸೆಖೆ, ಇನ್ನೊಂದು ಕಡೆ ಕೋಲ್ಡ್ ರೂಮಿನ ಚಳಿ. ಉಂಗುರ, ಬಳೆ, ವಾಚ್, ಸೆಂಟ್ ಯಾವುದೂ ಒಳಗೆ ನಡೆಯುವುದಿಲ್ಲ. ಶುರುವಿನ ಸಂಬಳ ನೋಡಿ ಬೇರೆ ಎಂಜಿನಿಯರಿಂಗ್ ಓದಿದ ಗೆಳೆಯರ ಜೊತೆ ಹೋಲಿಸಿಕೊಂಡರೆ ಬೇಜಾರಾಗಬಹುದು. ಯಾವುದಾದರೂ ಒಂದರಲ್ಲಿ ಕೈ ಪಳಗಿದರೆ, ಉದಾಹರಣೆಗೆ ಡಬ್ಬದ ಬಿಸಿ ಲೆಕ್ಕ ಅಥವಾ ಚಾಕೊಲೇಟ್ ಅಥವಾ ಹಾಲಿನ ಪ್ರೋಟೀನ್, ಆಮೇಲೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಅದಕ್ಕೆ ಏಳೆಂಟು ವರ್ಷವಾದರೂ ಬೇಕು. ಮನಸ್ಸಿಗೆ ಕಷ್ಟವಾಗುವ ವಿಷಯ ಇನ್ನೊಂದಿದೆ. ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿನಿಸನ್ನೇ ಇನ್ನೂ ರುಚಿ ಮಾಡಿಕೊಡಿ ಅಂತ ಕೇಳುವ ದಿನ ಬರುತ್ತದೆ. ನಾನು ಕೆಲವು ಕೆಲಸ ಒಪ್ಪಿಕೊಂಡಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಆದರೆ ಗೊತ್ತೇ ಆಗದ ಹಾಗೆ ಹಂತಹಂತವಾಗಿ ಉಪ್ಪು ಇಳಿಸುವುದು ಹೇಗೆ ಅನ್ನುವುದೂ ನಮ್ಮ ಕೈಯಲ್ಲೇ ಇದೆ. ಹೊಲದಿಂದ ತಟ್ಟೆಗೆ ಬರುವಷ್ಟರಲ್ಲಿ ಕೊಳೆತುಹೋಗುವುದನ್ನು ಉಳಿಸುವುದೂ ನಮ್ಮ ಕೆಲಸವೇ. ಅಂಥ ಕೆಲಸ ಹುಡುಕಿಕೊಂಡು ಹೋಗಿ.

ತೀರ್ಮಾನ ಮಾಡುವ ಮುಂಚೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಗ್ರಾಂ ತೋರಿಸುವ ಒಂದು ಅಡುಗೆ ತಕ್ಕಡಿ ಸಾಕು. ಗಟ್ಟಿಯಾಗಿ ಮುಚ್ಚುವ ಒಂದು ಡಬ್ಬದಲ್ಲಿ ಎರಡು ಸ್ಲೈಸ್ ಬ್ರೆಡ್, ಪಕ್ಕದಲ್ಲಿ ತಾಗದ ಹಾಗೆ ಹತ್ತು ಗರಿಗರಿ ಬಿಸ್ಕತ್ತು ಇಡಿ. ಇನ್ನೊಂದು ಡಬ್ಬದಲ್ಲಿ ಬರೀ ಬಿಸ್ಕತ್ತು ಇಡಿ. ಎಲ್ಲವನ್ನೂ ಮೊದಲು ತೂಕ ಮಾಡಿ ಬರೆದಿಡಿ. ದಿನಾ ಒಂದೇ ಹೊತ್ತಿಗೆ ತೆಗೆದು ತೂಗಿ, ಒಂದು ಬಿಸ್ಕತ್ತು ಮುರಿದು ಸದ್ದು ಕೇಳಿ. ಮುರಿದ ಚೂರು ತಿನ್ನದೆ ಡಬ್ಬಕ್ಕೇ ಹಾಕಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಬ್ರೆಡ್ಡಿಗೆ ಬೂಷ್ಟು ಕಂಡರೆ ಅಲ್ಲಿಗೆ ನಿಲ್ಲಿಸಿ, ಎಲ್ಲಾ ಎಸೆಯಿರಿ. ಬ್ರೆಡ್ಡಿನ ತೂಕ ಇಳಿಯುತ್ತದೆ, ಪಕ್ಕದ ಬಿಸ್ಕತ್ತಿನದು ಏರುತ್ತದೆ. ಮುಟ್ಟದೇ ಇದ್ದರೂ ತೇವ ಗಾಳಿಯಲ್ಲಿ ದಾಟುತ್ತದೆ. ಆಹಾರದಲ್ಲಿರುವ ನೀರು ಎಷ್ಟು ಬಿಡಿಯಾಗಿ ಸಿಗುವಂತಿದೆ ಅಂತ ಹೇಳಲು ನಮ್ಮಲ್ಲಿ ವಾಟರ್ ಆಕ್ಟಿವಿಟಿ ಅನ್ನುವ ಅಳತೆ ಇದೆ. ಶುದ್ಧ ನೀರಿಗೆ 1. ಅಳತೆ 0.6ಕ್ಕಿಂತ ಕೆಳಗಿದ್ದರೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಜಾಮಿನಲ್ಲಿ ಸುಮಾರು ಮೂರನೇ ಒಂದು ಭಾಗ ನೀರಿದ್ದರೂ ಅದು ಬೇಗ ಕೆಡದಿರುವುದಕ್ಕೂ ಈ ಅಳತೆ ಇಳಿದಿರುವುದೇ ಒಂದು ಕಾರಣ, ಸಕ್ಕರೆ ಆ ನೀರನ್ನು ಹಿಡಿದಿಟ್ಟಿರುತ್ತದೆ. ಬ್ರೆಡ್ಡಿನಲ್ಲಿ ಈ ಅಳತೆ ಜಾಸ್ತಿ, ಬಿಸ್ಕತ್ತಿನಲ್ಲಿ ಕಮ್ಮಿ. ತೇವ ಯಾವಾಗಲೂ ಜಾಸ್ತಿಯಿಂದ ಕಮ್ಮಿಯ ಕಡೆ ನಡೆಯುತ್ತದೆ.

ಯಾವ ದಿನ ಬಿಸ್ಕತ್ತಿನ ಸದ್ದು ಮಂಕಾಯಿತು, ಆಗ ತೂಕ ಎಷ್ಟು ಏರಿತ್ತು, ಬರೆಯಿರಿ. ಬ್ರೆಡ್ ಕಳೆದುಕೊಂಡಷ್ಟೇ ಬಿಸ್ಕತ್ತಿಗೆ ಸೇರಿತಾ ಅಂತ ಕೂಡಿಸಿ ನೋಡಿ. ಸೇರದಿದ್ದರೆ ಉಳಿದದ್ದು ಎಲ್ಲಿಗೆ ಹೋಯಿತು ಅಂತ ಯೋಚಿಸಿ. ನಾಲ್ಕು ದಿನ ಹೀಗೆ ಬರೆದು ಐದನೇ ದಿನ "ಮುಚ್ಚಳ ಸರಿಯಿಲ್ಲವೇನೋ, ಇನ್ನೊಂದು ಡಬ್ಬದಲ್ಲಿ ಮತ್ತೆ ಮಾಡಬೇಕು" ಅಂತ ನಿಮಗೇ ಅನ್ನಿಸಿದರೆ ಅರ್ಜಿ ಹಾಕಿ. ಅದರ ಬದಲು ಆ ಬ್ರೆಡ್ಡಿನಿಂದ ಏನಾದರೂ ರುಚಿಯಾಗಿ ಮಾಡಿದ್ದರೆ ಚೆನ್ನಾಗಿತ್ತು ಅಂತ ಕೈ ತುರಿಸಿದರೆ ಒಳ್ಳೆಯ ಅಡುಗೆ ಶಾಲೆ ಹುಡುಕಿ, ಮನೆಯವರಿಗೆ ಅದನ್ನೂ ಧೈರ್ಯವಾಗಿಯೇ ಹೇಳಿ.